ಬಚ್ಚಲಿಗೆ ಹಂಡೆಯೋ, ಬಾಯ್ಲರೋ?

ಎರಡು ಮಳೆಗಾಲ ಸೌದೆ ಬಾಯ್ಲರ್ ಉರಿಸಿ ಕೊನೆಗೆ ಹಂಡೆ ಒಲೆಗೇ ವಾಪಸ್ ಬಂದೆವು. ಈಗ ಯಾರು ಕೇಳಿದರೂ ಹಂಡೆ ಒಲೆಯನ್ನೇ ಕಟ್ಟಿಸಿ ಅನ್ನುತ್ತೇನೆ. ಆದರೆ ಚಿಮಣಿ ಇಟ್ಟು ಕಟ್ಟಿಸಿ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ, ಐದು ಜನ. ಮಳೆಗಾಲದಲ್ಲಿ ಸೋಲಾರ್ ನಂಬುವ ಹಾಗಿಲ್ಲ. ಗೀಸರ್ ನಂಬಿದರೆ ಕರೆಂಟ್ ಇರುವುದಿಲ್ಲ. ಹಳೆಯ ಹಂಡೆ ಒಲೆಗೆ ಚಿಮಣಿಯೇ ಇರಲಿಲ್ಲ. ಬಚ್ಚಲು ತುಂಬ ಹೊಗೆ, ಮಾಡಿನಲ್ಲಿ ಇಲ್ಲಣ. ಅಮ್ಮ ಕೆಮ್ಮುವುದನ್ನು ನೋಡಲಾಗದೆ 14 ಸಾವಿರ ಕೊಟ್ಟು ಸ್ಟೀಲ್ ಬಾಯ್ಲರ್ ತಂದೆ.

ಬೇಸಿಗೆಯಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಏಳೆಂಟು ಗರಟೆ ಹಾಕಿದರೆ ಒಬ್ಬರ ಸ್ನಾನಕ್ಕೆ ಬೇಗನೆ ನೀರು ಕಾಯುತ್ತಿತ್ತು.

ಮಳೆ ಹಿಡಿದ ಮೇಲೆ ಶುರುವಾಯಿತು ಗೋಳು. ಆ ಕೊಳವೆ ಬರೀ ನಾಲ್ಕಿಂಚು ಅಗಲ. ಆಗ ನಾವು ಉರಿಸುವುದು ಅಡಿಕೆ ಸಿಪ್ಪೆ, ಅರೆ ಒಣಗಿದ ಸೌದೆ. ಹಸಿ ಸೌದೆಯ ಹೊಗೆ ತಣ್ಣಗಿನ ಕೊಳವೆಗೆ ತಾಗಿದರೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಹದಿನೈದು ದಿನಕ್ಕೆಲ್ಲ ಕೊಳವೆಯೊಳಗೆ ಎರಡು ಬೆರಳು ತೂರುವಷ್ಟೇ ಜಾಗ ಉಳಿಯುತ್ತಿತ್ತು. ಆಮೇಲೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ಹೊರಗೆ. ಅಮ್ಮನಿಗೆ ಮತ್ತೆ ಅದೇ ಕೆಮ್ಮು.

ಗಳಕ್ಕೆ ಗೋಣಿ ಸುತ್ತಿ ತಿಕ್ಕಿದೆ, ಏನೂ ಬರಲಿಲ್ಲ. ಕಬ್ಬಿಣದ ಸರಳಿನ ತುದಿ ಚಪ್ಪಟೆ ಮಾಡಿಸಿ ಹೆರೆದೆ. ಗಾಜಿನ ಚೂರಿನ ಹಾಗೆ ಹೊಳೆಯುವ ಕಪ್ಪು ಚಕ್ಕೆಗಳು ಉದುರಿದವು. ಹದಿನೈದು ದಿನಕ್ಕೊಮ್ಮೆ ಇದೇ ಕೆಲಸ. ಎರಡನೇ ವರ್ಷ ತಳದ ಬೆಸುಗೆ ಬಿಟ್ಟು ನೀರು ನೇರ ಬೆಂಕಿಗೆ ತೊಟ್ಟಿಕ್ಕತೊಡಗಿತು. ಮಾರಿದವರನ್ನು ಕೇಳಿದರೆ, "ಒಣ ಸೌದೆ ಹಾಕಿ" ಅಂದರು. ಆಷಾಢದಲ್ಲಿ ಒಣ ಸೌದೆ ಎಲ್ಲಿಂದ ತರುವುದು?

ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ ಅಸ್ತ್ರ ತಂಡದವರು ರೂಪಿಸಿದ ಒಲೆ ನಿಮಗೆ ಗೊತ್ತಿರಬಹುದು. ಅದರಲ್ಲಿದ್ದ ಹಾಗೆ ಜಾಲರಿ, ಮುಚ್ಚಿದ ಗೂಡು, ಚಿಮಣಿ ಇಟ್ಟು ಅಜ್ಜಿಯ ಕಾಲದ ತಾಮ್ರದ ಹಂಡೆಗೇ ಒಲೆ ಕಟ್ಟಿಸಿದೆವು. ಹಂಡೆಯ ಕಂಠದವರೆಗೂ ಇಟ್ಟಿಗೆ ಗೋಡೆ, ನಡುವೆ ಎರಡು ಬೆರಳು ಸಂದು. ಬೆಂಕಿ ಹಂಡೆಯ ಹೊಟ್ಟೆ ಸುತ್ತಿಕೊಂಡೇ ಚಿಮಣಿಗೆ ಹೋಗುತ್ತದೆ. ಗಾರೆ ಕೆಲಸ, ಇಟ್ಟಿಗೆ, ಪೈಪು ಎಲ್ಲ ಸೇರಿ 6 ಸಾವಿರ ಆಯಿತು.

60 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಬೇಕಾದ ಶಾಖ ಅರ್ಧ ಕೆಜಿ ಒಣ ಸೌದೆಯಲ್ಲೇ ಇದೆ. ಅದಕ್ಕಿಂತ ಹೆಚ್ಚು ಉರಿಸಿದ್ದೆಲ್ಲ ಸುಮ್ನೆ ಆಚೆ ಹೋಗುವ ಬಿಸಿ. ನಾನು ತೂಗಿ ನೋಡಿದೆ. ಚಿಮಣಿ ಇಲ್ಲದ ಹಳೇ ಒಲೆ ಇಷ್ಟು ನೀರಿಗೆ ಸುಮಾರು ಐದು ಕೆಜಿ ತಿನ್ನುತ್ತಿತ್ತು, ಇದಕ್ಕೆ ಎರಡು ಸಾಕು.

ನೀರು ಕಾಯಲು ಮುಕ್ಕಾಲು ಗಂಟೆ ಬೇಕು, ಅದೊಂದು ನಿಜ. ಆದರೆ ರಾತ್ರಿ ಒಂದು ದಪ್ಪ ಸೌದೆ ಕುಂಟೆ ತಳ್ಳಿಟ್ಟರೆ ಬೆಳಗ್ಗೆ ಐದಕ್ಕೂ ನೀರು ಬೆಚ್ಚಗಿರುತ್ತದೆ. ಬಾಯ್ಲರ್‌ಗೆ ಅದೇ ಕುಂಟೆಯನ್ನು ಸೀಳಿ ಚೂರು ಮಾಡಬೇಕಿತ್ತು.

ಪೇಟೆಯಲ್ಲಿ ಇಬ್ಬರೇ ಇದ್ದು, ವರ್ಷವಿಡೀ ಒಣ ಗರಟೆ ಸಿಗುತ್ತದೆ ಅಂದರೆ ಬಾಯ್ಲರ್ ತಗೊಳ್ಳಿ. ಮನೆ ತುಂಬ ಜನ, ಹಿತ್ತಲಲ್ಲಿ ಸೌದೆ ಇದ್ದರೆ ಹಂಡೆಯೇ ಸರಿ. ಕಟ್ಟಿಸುವಾಗ ಚಿಮಣಿಯ ಬುಡದಲ್ಲಿ ಮಸಿ ತೆಗೆಯಲು ಒಂದು ಸಣ್ಣ ಬಾಗಿಲು ಇಡಿಸುವುದನ್ನು ಮರೆಯಬೇಡಿ. ಈ ಮಳೆಗಾಲ ಪೂರ್ತಿ ನಾವು ಅದನ್ನು ತೆರೆದದ್ದು ಎರಡೇ ಸಲ. ಎರಡು ಸಲವೂ ಸೇರಿ ಸಿಕ್ಕಿದ್ದು ಅರ್ಧ ಬಕೆಟ್ ಒಣ ಮಸಿ.