ಶಾಲಾ ಕೈತೋಟದ ವಿನ್ಯಾಸ ಕಲಿಸಲು ಸ್ಕೆಚ್‌ಅಪ್ಪೋ, ಸ್ವೀಟ್ ಹೋಮ್ 3ಡಿಯೋ?

ಎರಡೂ ಕಂಪ್ಯೂಟರಿನಲ್ಲಿ 3ಡಿ ವಿನ್ಯಾಸ ಬಿಡಿಸುವ ತಂತ್ರಾಂಶಗಳು. ಲ್ಯಾಬಿನಲ್ಲಿ ಒಳ್ಳೆಯ ಇಂಟರ್ನೆಟ್ಟೂ ಶಾಲೆಗೆ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಶಿಕ್ಷಣ ಖಾತೆಯೂ ಇದ್ದರೆ ‘ಸ್ಕೆಚ್‌ಅಪ್ ಫಾರ್ ಸ್ಕೂಲ್ಸ್’ ಆರಿಸಿ. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಮೆಟ್ಟಿಲು, ಕಟ್ಟೆ, ಇಳಿಜಾರು ಎಲ್ಲವನ್ನೂ ಮಕ್ಕಳೇ ಎಳೆದು ಎತ್ತರಿಸಬಹುದು. ಕೆಡುವುದು ಇಲ್ಲಿ: ಬರೆದ ಕೂಡಲೇ ಗ್ರೂಪ್ ಮಾಡದಿದ್ದರೆ, ಅಂದರೆ ಅದನ್ನು ಒಂದು ಬಿಡಿ ವಸ್ತುವಾಗಿ ಕಟ್ಟಿಡದಿದ್ದರೆ, ಕಟ್ಟೆ ನೆಲಕ್ಕೆ ಅಂಟಿಕೊಂಡು, ಒಂದನ್ನು ಸರಿಸಿದಾಗ ಇನ್ನೊಂದೂ ಸೊಟ್ಟಗಾಗುತ್ತದೆ. ಸ್ಕೆಚ್‌ಅಪ್‌ನ ಸಿದ್ಧ ಮಾದರಿಗಳ ಆನ್‌ಲೈನ್ ಸಂಗ್ರಹವಾದ 3ಡಿ ವೇರ್‌ಹೌಸ್‌ನಿಂದ ಎಲೆಎಲೆಯೂ ಬಿಡಿಸಿದ ಮರಗಳನ್ನು ತುಂಬಿದರೆ ಕಂಪ್ಯೂಟರ್ ತೆವಳುತ್ತದೆ. ಚಿತ್ರದಂಥ ಚಪ್ಪಟೆ (2ಡಿ) ಮರಗಳೇ ಸಾಕು.

ಸ್ವೀಟ್ ಹೋಮ್ 3ಡಿ ಮುಕ್ತ ತಂತ್ರಾಂಶ. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಇಂಟರ್ನೆಟ್ ಬೇಡ, ಲಿನಕ್ಸಿನಲ್ಲೂ ಓಡುತ್ತದೆ. ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿ ಹಿನ್ನೆಲೆಗೆ ಹಾಕಿ, ಗೊತ್ತಿರುವ ಒಂದು ಉದ್ದ, ಕಾಂಪೌಂಡ್ ಗೋಡೆಯ 10 ಮೀಟರ್ ಎನ್ನಿ, ಕೊಟ್ಟರೆ ಉಳಿದ ಅಳತೆ ತಾನೇ ಕೂರುತ್ತದೆ. ಆದರೆ ಇದರ ನೆಲ ಸಪಾಟು. ಮಳೆನೀರು ಎತ್ತ ಹರಿಯುತ್ತದೆಂದು ತೋರಿಸುವ ಪಾಠಕ್ಕೆ ಒಗ್ಗದು. ಸಮತಟ್ಟಾದ ಅಂಗಳಕ್ಕಾದರೆ ನಮ್ಮ ಮತ ಇದಕ್ಕೇ.