ಮುಖದ ಬೆಳಕಿಗೆ ಹ್ಯಾಲೊಜನ್ ಫ್ರೆನೆಲ್ಲೋ, ಎಲ್‌ಇಡಿ ಪಾರೋ?

ನಟರ ಮುಖದ ಮೇಲೆ ಬೀಳುವ ಬೆಳಕಿನ ಮಟ್ಟಿಗೆ ನಾನು ಇಂದಿಗೂ 1000 ವಾಟ್‌ನ ಹ್ಯಾಲೊಜನ್ ಫ್ರೆನೆಲ್ಲಿನ (ಉಂಗುರಗೆರೆಗಳ ಮಸೂರವಿದ್ದು ಅಂಚು ಮೆದುವಾದ ಬೆಳಕು ಕೊಡುವ ರಂಗದೀಪ) ಪಕ್ಷಪಾತಿ. ಅದರ ಜಾಗಕ್ಕೆಂದು ಕೊಂಡ ಎಲ್‌ಇಡಿ ಪಾರ್‌ಗಳನ್ನು (ಡಬ್ಬಿಯಾಕಾರದ ರಂಗದೀಪಗಳನ್ನು) ಒಂದು ಪೂರ್ಣ ನಾಟಕಕ್ಕೆ ಬಳಸಿ ನೋಡಿದ ಮೇಲೆ ಈ ಪಕ್ಷಪಾತ ಇನ್ನಷ್ಟು ಗಟ್ಟಿಯಾಗಿದೆ.

ತಕರಾರೆಲ್ಲ ಇರುವುದು ಬೆಳಕು ಆರುವ ಕೊನೆಯ ಗಳಿಗೆಯಲ್ಲಿ. ಈ ಪಾರ್‌ಗಳ ಡಿಮ್ಮಿಂಗ್ (ಬೆಳಕನ್ನು ಏರಿಳಿಸುವ ವ್ಯವಸ್ಥೆ) 8 ಬಿಟ್‌ನದು, ಅಂದರೆ ಸೊನ್ನೆಯಿಂದ ಪೂರ್ಣ ಬೆಳಕಿನವರೆಗೆ ಒಟ್ಟು 256 ಮಟ್ಟಗಳು. ದೃಶ್ಯದ ಕೊನೆಗೆ ಶೇಕಡಾ 20ರಲ್ಲಿರುವ ಬೆಳಕನ್ನು 30 ಸೆಕೆಂಡುಗಳಲ್ಲಿ ಆರಿಸಬೇಕೆಂದರೆ ಕೈಗೆ ಸಿಗುವುದು ಸುಮಾರು 51 ಮೆಟ್ಟಿಲು, ಒಂದೊಂದೂ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಈ ಇಳಿತ ನಟಿಯ ಕೆನ್ನೆಯ ಮೇಲೆ ಒಂದೊಂದಾಗಿ ಕಾಣುತ್ತದೆ. ಕೊನೆಯ ಮೆಟ್ಟಿಲಿನಲ್ಲಂತೂ, ಇನ್ನೂ ಸ್ಪಷ್ಟವಾಗಿ ಕಾಣುತ್ತಿರುವ ಮುಖ ಫಕ್ಕನೆ ಮಾಯವಾಗುತ್ತದೆ.

ದೀಪಗಳನ್ನು ನಿಯಂತ್ರಿಸುವ ಅದೇ ಕನ್ಸೋಲ್, ಅದೇ 256 ಮಟ್ಟಗಳಿದ್ದರೂ ಹ್ಯಾಲೊಜನ್‌ನಲ್ಲಿ ಈ ಕಾಟವಿಲ್ಲ. ಕಾದ ಟಂಗ್‌ಸ್ಟನ್ ತಂತಿ ಒಮ್ಮೆಲೇ ತಣ್ಣಗಾಗದ ಕಾರಣ ಮೆಟ್ಟಿಲುಗಳ ಅಂಚು ತಾನಾಗಿಯೇ ಸವೆದು ಹೋಗುತ್ತದೆ. ಜೊತೆಗೆ ಬೆಳಕು ಇಳಿದಂತೆಲ್ಲ ಕೆಂಬಣ್ಣಕ್ಕೆ ತಿರುಗಿ ಮುಖಕ್ಕೆ ಒಪ್ಪುತ್ತದೆ. ಪಾರ್‌ನ ಮೆನುವಿನಲ್ಲಿರುವ ಡಿಮ್ಮಿಂಗ್ ಕರ್ವ್‌ಗಳನ್ನೆಲ್ಲ (ಬೆಳಕು ಏರಿಳಿಯುವ ರೀತಿಯ ಆಯ್ಕೆಗಳನ್ನು) ಬದಲಿಸಿ ನೋಡಿದಾಗ ಜಿಗಿತ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. 65,536 ಮಟ್ಟಗಳ 16 ಬಿಟ್ ಡಿಮ್ಮಿಂಗ್ ಇರುವ ದೀಪಗಳಲ್ಲಿ ಈ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ, ಆದರೆ ಅಂಥವು ನನ್ನ ಬಜೆಟ್ಟಿನ ಆಚೆಗಿವೆ.

ಹಿನ್ನೆಲೆಯ ಪರದೆಗೆ ಮಾತ್ರ ಎಲ್‌ಇಡಿಗೇ ನನ್ನ ಓಟು: ಕಡುನೀಲಿ ಜೆಲ್ (ದೀಪದ ಮುಂದಿಡುವ ಬಣ್ಣದ ಹಾಳೆ) ಹ್ಯಾಲೊಜನ್‌ನ ಬಹುಪಾಲು ಬೆಳಕನ್ನು ನುಂಗಿ, ಆ ಶಾಖಕ್ಕೆ ತಾನೂ ಬೇಗ ಬಿಳಿಚಿಕೊಳ್ಳುತ್ತದೆ. ವಿದ್ಯುತ್ತಿನ ಉಳಿತಾಯದ ಬಗ್ಗೆ ವಾದವೇ ಇಲ್ಲ. ಆದರೆ ಎಲ್‌ಇಡಿ ಪಾರ್‌ನೊಳಗಿನ ಫ್ಯಾನಿನ ಸದ್ದು ನಾಟಕದ ಮೌನಗಳಲ್ಲಿ ಕೇಳಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಎಲ್‌ಇಡಿ ದೀಪದ ಪ್ಲಗ್ಗನ್ನು ಡಿಮ್ಮರ್‌ನ (ಹ್ಯಾಲೊಜನ್‌ಗೆ ಹೋಗುವ ವಿದ್ಯುತ್ತನ್ನು ಏರಿಳಿಸುವ ಸಾಧನ) ಲೈನಿಗೆ ಸಿಕ್ಕಿಸದೆ ಡಿಮ್ಮರ್ ಇಲ್ಲದ ಮಾಮೂಲು ಮೇನ್ಸ್ ವಿದ್ಯುತ್ತನ್ನೇ ಕೊಡಬೇಕು, ಇಲ್ಲವಾದರೆ ಅದರ ಪವರ್ ಸಪ್ಲೈ ಕೆಡುವ ಸಾಧ್ಯತೆಯಿದೆ.

ನಿಧಾನವಾಗಿ ಕತ್ತಲಾಗುವ ದೃಶ್ಯಗಳೇ ನನ್ನ ಕೆಲಸದಲ್ಲಿ ಹೆಚ್ಚು, ಡಿಮ್ಮರ್ ರ‍್ಯಾಕ್ ಕೂಡ ಈಗಾಗಲೇ ಇದೆ. ಹಾಗಾಗಿ ಪಾರ್‌ಗಳು ಪರದೆಯ ಕಡೆಗೆ ಹೋಗಿವೆ, ಉಳಿದ ಹಣಕ್ಕೆ ಫ್ರೆನೆಲ್‌ಗಳ ಬಲ್ಬು ಬರಲಿದೆ. ಹಾಡು-ಕುಣಿತವೇ ಪ್ರಧಾನವಾಗಿ ಬಣ್ಣಗಳು ಥಟ್ಟನೆ ಬದಲಾಗಬೇಕಾದ ಪ್ರದರ್ಶನಗಳನ್ನು ಮಾಡುವವರು ನನ್ನ ಈ ಆಯ್ಕೆಯನ್ನು ತಿರುವುಮುರುವು ಮಾಡಿಕೊಳ್ಳಬಹುದು.