ದಿನಕ್ಕೊಂದು ಹಾಳೆಯ ಅಮೆರಿಕ ಇತಿಹಾಸದ ಕ್ಯಾಲೆಂಡರ್: ಮೊದಲು ಜುಲೈ 4 ತೆಗೆದು ನೋಡಿ

ಮೇಜಿನ ಮೇಲಿಡುವ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದು. ಅಮೆರಿಕದ ಇತಿಹಾಸದಲ್ಲಿ ಆ ದಿನ ಏನಾಯ್ತು ಅಂತ ಪ್ರತಿ ಹಾಳೆಯಲ್ಲೂ ನಾಲ್ಕೈದು ಸಾಲು. 2026ರದ್ದು ತಗೊಂಡೆ. ಸ್ವಾತಂತ್ರ್ಯ ಘೋಷಣೆಗೆ 250 ತುಂಬುವ ವರ್ಷ ಅಲ್ವಾ, ಜಾಸ್ತಿ ಕಾಳಜಿ ವಹಿಸಿರುತ್ತಾರೆ ಅಂದುಕೊಂಡೆ.

ಶುರು ಚೆನ್ನಾಗಿಯೇ ಇತ್ತು. ಜನವರಿ 15ರ ಹಾಳೆ ಇನ್ನೂ ಎತ್ತಿಟ್ಟಿದ್ದೇನೆ. 1919ರಲ್ಲಿ ಬಾಸ್ಟನ್ನಿನಲ್ಲಿ ಕಾಕಂಬಿ ತುಂಬಿದ್ದ ದೊಡ್ಡ ಟ್ಯಾಂಕ್ ಒಡೆದು 21 ಜನ ಸತ್ತ ದಿನ. ಮಂಡ್ಯದ ಕಡೆಯವನಾದ ನನಗೆ ಕಾಕಂಬಿ ವಾಸನೆ ಗೊತ್ತು, ಆದರೆ ಅದು ಮನೆ ಕೆಡವುವಷ್ಟು ರಭಸವಾಗಿ ನುಗ್ಗುತ್ತೆ ಅಂತ ಯಾರಿಗೆ ಗೊತ್ತಿತ್ತು!

ಆಮೇಲೆ ತಡೆಯಲಾರದೆ ಜುಲೈ 4ಕ್ಕೆ ಹಾರಿದೆ. ಅಲ್ಲೇ ಕೈ ಕೊಟ್ಟಿತು. ಈ ಸಲ ಅದು ಶನಿವಾರ, ಇವರು ಶನಿವಾರ ಭಾನುವಾರ ಸೇರಿಸಿ ಒಂದೇ ಹಾಳೆ ಮಾಡಿದ್ದಾರೆ (ಬಾಕ್ಸಿನ ತಳದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ). ಹಾಗಾಗಿ ದೇಶದ ಹುಟ್ಟುಹಬ್ಬಕ್ಕೆ ಸಿಕ್ಕಿದ್ದು ಅರ್ಧ ಹಾಳೆ. ಅದರಲ್ಲೂ ಮುಕ್ಕಾಲು ಭಾಗ ಜಾನ್ ಟ್ರಂಬುಲ್ ಬರೆದ ಚಿತ್ರ, ಕೆಳಗೆ ಈ ದಿನ ಎಲ್ಲರೂ ಘೋಷಣೆಗೆ ಸಹಿ ಹಾಕಿದರು ಅಂತ ಒಂದು ಸಾಲು. ಸಾಲು ತಪ್ಪು, ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರಡು ಡಾಲರ್ ನೋಟಿನ ಹಿಂದೆಯೂ ಇರುವ ಆ ಚಿತ್ರದಲ್ಲಿ ಘೋಷಣೆಯ ಕರಡನ್ನು ವಸಾಹತುಗಳ ಪ್ರತಿನಿಧಿ ಸಭೆಯ ಮುಂದೆ ಇಡುತ್ತಿದ್ದಾರೆ, ಅಷ್ಟೇ. 1776ರ ಜುಲೈ 2ರಂದು ಸ್ವಾತಂತ್ರ್ಯಕ್ಕೆ ವೋಟು, 4ರಂದು ಘೋಷಣೆಯ ಮಾತುಗಳಿಗೆ ಒಪ್ಪಿಗೆ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. 4ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಜಾನ್ ಡನ್‌ಲ್ಯಾಪ್ ಅಚ್ಚು ಹಾಕಿದ ಪ್ರತಿಯಲ್ಲಿ, ಅವನ ಹೆಸರು ಬಿಟ್ಟರೆ, ಇರೋದೇ ಎರಡು ಹೆಸರು: ಸಭೆಯ ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಮತ್ತು ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್.

ಬರೆದಿದ್ದಕ್ಕಿಂತ ಬಿಟ್ಟಿದ್ದು ನೋಡಿ ಸಿಟ್ಟು ಬಂತು. ಸರಿಯಾಗಿ 50 ವರ್ಷಕ್ಕೆ, 1826ರ ಜುಲೈ 4ರಂದೇ, ಘೋಷಣೆಯ ಕರಡು ಬರೆದ, ಮುಂದೆ ಅಧ್ಯಕ್ಷರೂ ಆದ ಜೆಫರ್ಸನ್ ಮಧ್ಯಾಹ್ನ ವರ್ಜೀನಿಯಾದಲ್ಲಿ ತೀರಿಕೊಂಡರು, ಅವರಿಗಿಂತ ಮುಂಚಿನ ಅಧ್ಯಕ್ಷ ಜಾನ್ ಆಡಮ್ಸ್ ಸಂಜೆ ಮ್ಯಾಸಚೂಸೆಟ್ಸ್‌ನಲ್ಲಿ. ವರ್ಷಗಟ್ಟಲೆ ಮಾತು ಬಿಟ್ಟು, 1812ರಿಂದ ಕಾಗದ ಬರೆದುಕೊಂಡೇ ಮತ್ತೆ ಗೆಳೆಯರಾದವರು. 1831ರಲ್ಲಿ ಅದೇ ದಿನ ಇನ್ನೊಬ್ಬ ಮಾಜಿ ಅಧ್ಯಕ್ಷ ಮನ್ರೋ ಕೂಡ. ಇದಕ್ಕೆಲ್ಲ ಜಾಗ ಇಲ್ಲ, ಆದರೆ ಪಕ್ಕದ 5ನೇ ತಾರೀಕಿಗೆ 1946ರಲ್ಲಿ ಬಿಕಿನಿ ಈಜುಡುಗೆ ಮೊದಲು ತೋರಿಸಿದ್ದರ ಬಗ್ಗೆ ಐದು ಸಾಲು ಇದೆ. ಅದೂ ಪ್ಯಾರಿಸ್ಸಿನದು!

ಕಾಗದ ದಪ್ಪ, ಸ್ಟ್ಯಾಂಡ್ ಗಟ್ಟಿ. ಅಂಟು ಮಾತ್ರ ಸರಿಯಿಲ್ಲ, ಒಂದು ಎಳೆದರೆ ಎರಡು ಬರುತ್ತೆ. ಫೆಬ್ರವರಿಯ ಎರಡು ದಿನ ಹಾಗೇ ಕಸದ ಬುಟ್ಟಿ ಸೇರಿದವು. ಅರ್ಧ ಬೆಲೆಗೆ ಸಿಕ್ಕರೆ ತಗೊಳ್ಳಿ. ಜುಲೈ ಹಾಳೆಯ ಹಿಂದೆ 1826ರದ್ದು ನಾನೇ ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ.